ಕ್ಯಾಮೆರಾ, ಕೋಟೆ, ಮೆಮೊರಿ ಕಾರ್ಡು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದಲ್ಲಿ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಓಡಾಡುವವನಿಗೆ ಪ್ರಶ್ನೆಗಳಿಗೇನೂ ಬರವಿಲ್ಲ. ಆಫೀಸಿನಲ್ಲಿ, ಟೀ ಅಂಗಡಿಯಲ್ಲಿ, ಮದುವೆ ಪಂಕ್ತಿಯಲ್ಲಿ ಕೂತಾಗಲೂ ಕೇಳುತ್ತಾರೆ. ನಾನು ಸ್ಟುಡಿಯೋ ಇಟ್ಟವನಲ್ಲ, ಆರ್ಡರ್ ಹಿಡಿಯುವವನೂ ಅಲ್ಲ. ಬರೀ ಹವ್ಯಾಸ, ಜೊತೆಗೆ ಕಂಪ್ಯೂಟರ್ ಹುಚ್ಚು ಸ್ವಲ್ಪ. ಕೇಳಿದವರ ಮಾತಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ.

## ಈಗ ಶುರು ಮಾಡುವವರಿಗೆ

ಅಣ್ಣಾ, ಫೋನಲ್ಲೇ ಇಷ್ಟು ಚೆನ್ನಾಗಿ ಬರುತ್ತಲ್ಲ, ಕ್ಯಾಮೆರಾ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಹಗಲು ಹೊತ್ತು, ಅಲ್ಲಾಡದೆ ನಿಂತ ವಸ್ತು, ನೋಡೋದೂ ಫೋನಿನಲ್ಲೇ ಅಂದರೆ ಫೋನ್ ಸಾಕು. ದೂರದ ಹಕ್ಕಿ, ಮಬ್ಬು ಬೆಳಕಲ್ಲಿ ಓಡಾಡುವ ಜನ, ಗೋಡೆಗೆ ತೂಗುಹಾಕುವಷ್ಟು ದೊಡ್ಡ ಪ್ರಿಂಟು ಅಂದಾಗ ಫೋನ್ ಕೈಕೊಡುತ್ತದೆ. ಇವು ಯಾವುದೂ ನಿಮಗೆ ಬೇಡದಿದ್ದರೆ ದುಡ್ಡು ಉಳಿಸಿ, ಆ ದುಡ್ಡಲ್ಲಿ ಊರೂರು ಸುತ್ತಿ. ಫೋಟೊ ಅಲ್ಲಿ ಸಿಗುತ್ತದೆ.

ನನ್ನ ಫೋನು 108 ಮೆಗಾಪಿಕ್ಸೆಲ್. ನಿಮ್ಮ ಕ್ಯಾಮೆರಾ ಬರೀ 24. ಹಂಗಾದ್ರೆ ನಂದೇ ಮೇಲಲ್ವಾ?

ಸಂಖ್ಯೆ ದೊಡ್ಡದು, ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಚಿಕ್ಕದು. ಅಂಥ ಫೋನುಗಳು ಸಾಮಾನ್ಯವಾಗಿ 9 ಪಿಕ್ಸೆಲ್ ಸೇರಿಸಿ ಒಂದು ಮಾಡಿ, ಕೊನೆಗೆ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಮಾಮೂಲಿ ಎಪಿಎಸ್-ಸಿ (ಇದು ಸೆನ್ಸರಿನ ಒಂದು ಅಳತೆಯ ಹೆಸರು) ಕ್ಯಾಮೆರಾದ ಸೆನ್ಸರ್ ಸುಮಾರು 23.5 × 15.6 ಮಿ.ಮೀ. ಇರುತ್ತದೆ. ವಿಸ್ತೀರ್ಣದಲ್ಲಿ ಅದು ಆ ಫೋನ್ ಸೆನ್ಸರಿನ ಕಡಿಮೆ ಅಂದರೂ ಐದು ಪಟ್ಟು. ಬೆಳಕು ಕಡಿಮೆ ಇದ್ದಷ್ಟೂ ಆ ಜಾಗದ ಬೆಲೆ ಗೊತ್ತಾಗುತ್ತದೆ.

ಮೂವತ್ತು ಸಾವಿರ ಇಟ್ಕೊಂಡಿದೀನಿ ಸಾರ್, ಯಾವುದು ತಗೊಳ್ಲಿ?

ಸೆಕೆಂಡ್ ಹ್ಯಾಂಡ್, ಒಳಗೆ ಕನ್ನಡಿ ಇರುವ ಹಳೆ ಬಗೆಯ ಡಿಎಸ್‌ಎಲ್‌ಆರ್ ತಗೊಳ್ಳಿ. ಕಂಪನಿಗಳೆಲ್ಲ ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಹಿಂದೆ ಬಿದ್ದಿವೆ. ಅದಕ್ಕೇ ಹಳೆ ಡಿಎಸ್‌ಎಲ್‌ಆರ್ ಅಗ್ಗಕ್ಕೆ ಸಿಗುತ್ತಿವೆ, ಚಿತ್ರದ ಗುಣಮಟ್ಟ ಏನೂ ಇಳಿದಿಲ್ಲ. ಬಾಡಿ ಜೊತೆಗೆ ಬರುವ 18–55 ಲೆನ್ಸ್ ಇರಲಿ. ಇನ್ನೂ ದುಡ್ಡು ಉಳಿದರೆ 50 ಎಂಎಂ ಎಫ್ 1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ ದೊಡ್ಡದು) ಒಂದು ಸೇರಿಸಿ. ಅಷ್ಟು ಕಡಿಮೆ ಬೆಲೆಗೆ ಅಷ್ಟು ಒಳ್ಳೆ ಲೆನ್ಸ್ ಬೇರೆ ಯಾವುದೂ ಇಲ್ಲ.

ಕೊಳ್ಳುವಾಗ ಮಾರುವವರ ಎದುರೇ ಪರೀಕ್ಷೆ ಮಾಡಿ, ಸಂಕೋಚ ಬೇಡ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ವಾಪಸ್ ಕೊಟ್ಟುಬಿಡಿ. ಆಮೇಲೆ ಎಫ್ 16ಕ್ಕೆ ಇಟ್ಟು ಬರೀ ಆಕಾಶದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆಗಳಿದ್ದರೆ ಸೆನ್ಸರ್ ಮೇಲೆ ಧೂಳಿದೆ. ಅದು ಶುಚಿ ಮಾಡಿಸಿದರೆ ಹೋಗುತ್ತದೆ, ಆದರೆ ಬೆಲೆ ಇಳಿಸಲು ಮಾತಿಗಾಗುತ್ತದೆ! ಶಟರ್ ಎಷ್ಟು ಸಲ ಬಿದ್ದಿದೆ ಅಂತಲೂ ಕೇಳಿ. ಕಡಿಮೆ ಬೆಲೆಯ ಬಾಡಿಗಳ ಶಟರನ್ನು ಸುಮಾರು 1 ಲಕ್ಷ ಕ್ಲಿಕ್ಕಿನ ಲೆಕ್ಕದಲ್ಲಿ ಮಾಡಿರುತ್ತಾರೆ.

ಆಟೋ ಮೋಡ್ ಬಿಟ್ಟು ಮ್ಯಾನುಯಲ್ ಯಾವಾಗ ಕಲೀಬೇಕು?

ಅವಸರವಿಲ್ಲ. ಮೊದಲು ಅಪರ್ಚರ್ ಪ್ರಯಾರಿಟಿಗೆ (ಎಫ್ ಸಂಖ್ಯೆ ನೀವು ಆರಿಸುವುದು, ಉಳಿದದ್ದು ಕ್ಯಾಮೆರಾ ನೋಡಿಕೊಳ್ಳುವುದು) ಬನ್ನಿ, ಡಯಲ್ ಮೇಲೆ ‘ಎ’ ಅಥವಾ ‘ಎವಿ’ ಅಂತ ಇರುತ್ತದೆ. ಕೋಟೆ ಗೋಡೆಗೆ ಎಫ್ 8, ಒಬ್ಬರ ಮುಖಕ್ಕೆ ಎಫ್ 2.8 ಅಥವಾ ಇನ್ನೂ ಕಡಿಮೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋದಲ್ಲಿರಲಿ, ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನವಾಗದಂತೆ ಮೆನುವಿನಲ್ಲಿ ಕಟ್ಟಿಹಾಕಿ. ನೂರಕ್ಕೆ ತೊಂಬತ್ತು ಫೋಟೊ ನಾನು ಹೀಗೇ ತೆಗೆಯುವುದು. ಮ್ಯಾನುಯಲ್ ಬೇಕಾಗುವುದು ನಕ್ಷತ್ರ, ಪಟಾಕಿ, ಫ್ಲ್ಯಾಶ್ ಇಂಥವಕ್ಕೆ. ಮ್ಯಾನುಯಲ್ಲಿನಲ್ಲಿ ತೆಗೆದರೇ ನಿಜವಾದ ಫೋಟೊಗ್ರಾಫರ್ ಅನ್ನೋದು ಸುಮ್ನೆ ಜಂಬ.

## ಬೆಳಕು, ಜಾಗ, ಜನ

ಕೋಟೇಲಿ ತೆಗೆದ ಫೋಟೊ ಎಲ್ಲಾ ಸಪ್ಪೆ ಬರ್ತವಲ್ಲ, ಯಾಕೆ?

ಹೋಗೋ ಹೊತ್ತೇ ಕಾರಣ. ಜಾಸ್ತಿ ಜನ ತಿಂಡಿ ಮುಗಿಸಿಕೊಂಡು ಹನ್ನೊಂದರ ಹೊತ್ತಿಗೆ ಹತ್ತಲು ಶುರು ಮಾಡುತ್ತಾರೆ. ಚಿತ್ರದುರ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ ವಾರ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಒಮ್ಮೆ ನಡುಹಗಲ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೂ ಆಗ ನೆರಳಿಲ್ಲ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲೂ ಹೆಚ್ಚುಕಮ್ಮಿ ಅದೇ ಕಥೆ. ನೆರಳಿಲ್ಲ ಅಂದರೆ ಬಂಡೆಯ ಉಬ್ಬು ತಗ್ಗು ಕಾಣುವುದಿಲ್ಲ, ಗ್ರಾನೈಟು ಬರೀ ಬೂದು ಬಣ್ಣದ ಹಾಳೆ ಆಗಿಬಿಡುತ್ತದೆ.

ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಒಳಗೆ ಹೋಗಿ. ಬಂಡೆಗಳ ಮೇಲೆ ಉಳಿಯಲ್ಲಿ ಕೊರೆದ ಗುಳಿಗಳು, ಕಾಲಿಡುವಷ್ಟೇ ಅಗಲದ ಮೆಟ್ಟಿಲುಗಳು ಅಲ್ಲಲ್ಲಿ ಇವೆ. ಎಳೆ ಬಿಸಿಲು ಪಕ್ಕದಿಂದ ಬೀಳುವಾಗ ಪ್ರತಿ ಗುಳಿಯ ಅರ್ಧಕ್ಕೆ ಕಪ್ಪು ನೆರಳು ತುಂಬುತ್ತದೆ, ಇನ್ನರ್ಧದ ಅಂಚು ಹೊಳೆಯುತ್ತದೆ. ಉಳಿ ಬಿದ್ದ ಒಂದೊಂದು ಗೀರೂ ಎಣಿಸಬಹುದು. ಅದೇ ಕಲ್ಲನ್ನು ಹನ್ನೆರಡಕ್ಕೆ ಬಂದು ನೋಡಿ, ಗುಳಿ ಇರೋದೇ ಗೊತ್ತಾಗುವುದಿಲ್ಲ. ಹೊಸ ಲೆನ್ಸಿಗಿಂತ ಬೆಳಗಿನ ಅಲಾರಂ ಮುಖ್ಯ ಅಂತ ನಾನು ಎಲ್ಲರಿಗೂ ಗೊಣಗುವುದು ಇದಕ್ಕೇ.

ಎರಡನೆಯದು, ಒಂದೇ ಚಿತ್ರದಲ್ಲಿ ಬಿಳಿ ಆಕಾಶವೂ ಕಪ್ಪು ಸಂದಿಯೂ ಇರುವ ಸಮಸ್ಯೆ. ಓಬವ್ವನ ಕಿಂಡಿಯ ಹತ್ತಿರ ಇದು ಎಲ್ಲರನ್ನೂ ಕಾಡುತ್ತದೆ. ಆಕಾಶವನ್ನು ಚಿತ್ರದಿಂದ ಹೊರಗಿಡಿ, ಆಗದಿದ್ದರೆ ಆಕಾಶಕ್ಕೆ ತಕ್ಕಂತೆ ಎಕ್ಸ್‌ಪೋಷರ್ ಇಟ್ಟು ನೆರಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿ. ಪೂರ್ತಿ ಬೆಳ್ಳಗಾದ ಆಕಾಶವನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲಾರದು. ಹಿಸ್ಟೋಗ್ರಾಮ್, ಅಂದರೆ ಚಿತ್ರದಲ್ಲಿ ಕತ್ತಲೆ ಬೆಳಕು ಎಷ್ಟೆಷ್ಟಿದೆ ಅಂತ ಪರದೆಯಲ್ಲಿ ತೋರಿಸುವ ನಕ್ಷೆ, ಬಲಗಡೆ ಗೋಡೆಗೆ ಡಿಕ್ಕಿ ಹೊಡೆಯದಂತೆ ನೋಡಿಕೊಂಡರೆ ಸಾಕು.

ಮಳೆ ನಿಂತ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡದ ಕಡೆ ಹೋಗಿ. ಗಾಳಿ ಏಳುವ ಮುಂಚೆ ನೀರಲ್ಲಿ ಬಂಡೆ ತಲೆಕೆಳಗಾಗಿ ನಿಂತಿರುತ್ತದೆ. ಪೋಲರೈಸರ್ ಫಿಲ್ಟರ್ ಇದ್ದರೆ ತಿರುಗಿಸುತ್ತಾ ನೋಡಿ, ನೀರಿನ ಹೊಳಪು ಬೇಕೋ ಬೇಡವೋ ನಿಮ್ಮ ಕೈಯಲ್ಲೇ ಇರುತ್ತದೆ.

ಕೋಟೆ ಒಳಗೆ ಟ್ರೈಪಾಡ್, ಡ್ರೋನ್ ಬಿಡ್ತಾರಾ?

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ತಕರಾರಿಲ್ಲ. ಟ್ರೈಪಾಡ್, ಲೈಟು, ಪ್ರೀ ವೆಡ್ಡಿಂಗ್ ಶೂಟು ಅಂದರೆ ಮೊದಲೇ ಅನುಮತಿ ತಗೊಂಡು ಹೋಗಿ, ಗೇಟಿನಲ್ಲಿ ನಿಂತು ವಾದ ಮಾಡಬೇಡಿ. ಡ್ರೋನನ್ನು ಅನುಮತಿ ಇಲ್ಲದೆ ಹಾರಿಸುವಂತೆಯೇ ಇಲ್ಲ.

ಬೇರೆ ಕಡೆಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಂವರೆಗಿನ ನ್ಯಾನೊ ಡ್ರೋನನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ಆದರೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಹಾರಿಸಬಹುದು ಅಂತಲ್ಲ. ವಾಯುಪ್ರದೇಶದ ನಕ್ಷೆ ನೋಡಿ, ಹಸಿರು ವಲಯ ಇದ್ದರೆ 400 ಅಡಿಯವರೆಗೆ ಹಾರಿಸಬಹುದು. ಚಳ್ಳಕೆರೆ ಕಡೆ ಡಿಆರ್‌ಡಿಒ ಪರೀಕ್ಷಾ ನೆಲೆ ಇದೆ ಅನ್ನೋದು ನೆನಪಿರಲಿ.

ಮಂಗಗಳ ಕಾಟಕ್ಕೆ ಏನ್ ಮಾಡ್ತೀರಿ?

ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಬೇಡಿ, ತಿನ್ನೋದನ್ನು ಬ್ಯಾಗಿನಿಂದ ತೆಗೆಯಬೇಡಿ. ಕ್ಯಾಮೆರಾ ಪಟ್ಟಿ ಕೊರಳಲ್ಲೇ ಇರಲಿ. ಅಷ್ಟೇ.

ದಾವಣಗೆರೆಲಿ ಬೆಣ್ಣೆ ದೋಸೆ ಬಿಟ್ರೆ ತೆಗೆಯೋಕೆ ಏನಿದೆ?

ದಾವಣಗೆರೆಯವರೇ ಈ ಪ್ರಶ್ನೆ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಮಂಡಕ್ಕಿ ಭಟ್ಟಿ ಇದೆಯಲ್ಲ ಮಾರಾಯ್ರೇ! ಒಲೆ ಮೇಲೆ ಕಾದ ಕರಿ ಮರಳು, ಅದಕ್ಕೆ ಅಕ್ಕಿ ಸುರಿದ ಕೆಲವೇ ಕ್ಷಣಕ್ಕೆ ಬೆಳ್ಳಗೆ ಅರಳಿ ಮೇಲೇಳುವ ಮಂಡಕ್ಕಿ. ಜರಡಿ ಆಡಿಸಿದಾಗ ಮರಳು ಕೆಳಗೆ ಸುರಿಯುತ್ತದೆ, ಬಿಳಿ ರಾಶಿ ಮೇಲೆ ಕುಣಿಯುತ್ತದೆ. 1/500ರಲ್ಲಿ ತೆಗೆದರೆ ಒಂದೊಂದು ಕಾಳೂ ಗಾಳಿಯಲ್ಲಿ ನಿಂತಿರುತ್ತದೆ. 1/30ಕ್ಕೆ ಇಳಿಸಿದರೆ ಬಿಳಿ ಗೆರೆಗಳಾಗುತ್ತವೆ, ಜರಡಿ ಹಿಡಿದ ಕೈ ಮಾತ್ರ ಗುರುತು ಸಿಗುತ್ತದೆ. ನನಗೆ ಎರಡನೆಯದೇ ಇಷ್ಟ. ಬಾಗಿಲಿನಿಂದ ಬೆಳಕು ಒಳಗೆ ಬರುವಾಗ ನೀವು ಒಳಗಡೆ ನಿಂತು ಬಾಗಿಲ ಕಡೆ ತಿರುಗಿ ತೆಗೆಯಿರಿ, ಹೊಗೆ ಆಗಲೇ ಕಾಣೋದು.

ಮೊದಲು ಮಾಲೀಕರನ್ನು ಕೇಳಿ. ಆಮೇಲೆ ಕೆಲಸ ಮಾಡುವವರನ್ನೂ ಕೇಳಿ, ಒಬ್ಬರು ಒಪ್ಪಿದರೆ ಎಲ್ಲರೂ ಒಪ್ಪಿದಂತಲ್ಲ. ಅದು ಉರಿಯ ಮುಂದೆ ದುಡಿಯುವ ಕಷ್ಟದ ಕೆಲಸ, ದಾರಿಗೆ ಅಡ್ಡ ನಿಲ್ಲಬೇಡಿ. ಒಳಗೆ ಲೆನ್ಸ್ ಬದಲಾಯಿಸಬೇಡಿ, ಮರಳು ಮತ್ತು ಮಸಿ ಎರಡೂ ಸೆನ್ಸರಿಗೆ ಶತ್ರು.

ಊರ ಹೊರಗೆ ಹೋದರೆ ಕುಂದುವಾಡ ಕೆರೆ. ಹರಿಹರದಲ್ಲಿ ಹೊಯ್ಸಳರ ಕಾಲದ, 1224ರ ಹರಿಹರೇಶ್ವರ ದೇವಸ್ಥಾನ. ಚನ್ನಗಿರಿ ಕಡೆ ಸೂಳೆಕೆರೆ, ಸಂತೆಬೆನ್ನೂರಿನ ಪುಷ್ಕರಣಿ. ಪುಷ್ಕರಣಿಗೆ ಅಗಲದ ಲೆನ್ಸ್ ಒಯ್ಯಿರಿ. ನಡುವಿನ ಮಂಟಪ, ಸುತ್ತಲಿನ ಮೆಟ್ಟಿಲು ಎರಡೂ ಒಂದೇ ಚಿತ್ರದಲ್ಲಿ ಬೇಕಾಗುತ್ತದೆ.

ಜಾತ್ರೇಲಿ ಫೋಟೊ ತೆಗೆಯೋಕೆ ಹೋದ್ರೆ ಜನ ಬೈತಾರೆ, ನಿಮಗೆ ಬೈಯಲ್ವಾ?

ದೊಡ್ಡ ಲೆನ್ಸ್ ಹಿಡಿದು ದೂರದಿಂದ ಗುರಿ ಇಟ್ಟರೆ ಬೈಯದೆ ಇನ್ನೇನು? ಚಿಕ್ಕ ಲೆನ್ಸ್ ಹಾಕಿ ಹತ್ತಿರ ಹೋಗಿ. “ಯಾವೂರು ಅಜ್ಜಿ?” ಅಂತ ಮಾತಾಡಿಸಿ, ಆಮೇಲೆ ಕ್ಯಾಮೆರಾ ಎತ್ತಿ. ತೆಗೆದದ್ದನ್ನು ತೋರಿಸಿ. ಬೇಡ ಅಂದರೆ ಅಲ್ಲಿಗೆ ಬಿಡಿ, ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಿ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋಗುವವರಿಗೆ ಒಂದು ಮಾತು: ತೇರಿನ ಹಗ್ಗದ ಮುಂದೆ ನಿಲ್ಲಬೇಡಿ. ಜನಸಾಗರ ಒಮ್ಮೆ ನುಗ್ಗಿದರೆ ಕ್ಯಾಮೆರಾ ಅಲ್ಲ, ನೀವೇ ಸಿಗುವುದಿಲ್ಲ. ತೇರು, ಮುಕ್ತಿ ಬಾವುಟದ ಹರಾಜು ಎಲ್ಲರೂ ತೆಗೆಯುತ್ತಾರೆ. ಒಳ್ಳೆ ಚಿತ್ರ ಸಿಗೋದು ಕೊಬ್ಬರಿ ಸುಡುವ ಕಡೆ. ಉರಿ ಬೆಳಕು ಮುಖದ ಮೇಲೆ ಬಿದ್ದಾಗ ಫ್ಲ್ಯಾಶ್ ಹಾಕಿ ಅದನ್ನು ಕೆಡಿಸಬೇಡಿ.

ಹಕ್ಕಿ ಫೋಟೊಗೆ ಎಷ್ಟು ದೊಡ್ಡ ಲೆನ್ಸ್ ಬೇಕು?

70–300ರಿಂದ ಶುರು ಮಾಡಿ. ಹಾರುವ ಹಕ್ಕಿಗೆ ಶಟರ್ 1/1000ಕ್ಕಿಂತ ಮೇಲಿರಲಿ. ಕೆರೆ ದಂಡೆಯಲ್ಲಿ ಒಂದೇ ಕಡೆ ಅಲ್ಲಾಡದೆ ಕೂತರೆ ಹಕ್ಕಿಗಳು ತಾವೇ ಹತ್ತಿರ ಬರುತ್ತವೆ, ಹಿಂದೆ ಓಡಿದರೆ 600 ಎಂಎಂ ಲೆನ್ಸೂ ಸಾಲುವುದಿಲ್ಲ. ಗೂಡಿನ ಫೋಟೊ ಬೇಡವೇ ಬೇಡ. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಧಾಮಕ್ಕೆ ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ.

## ಫೈಲು, ಕಾರ್ಡು, ಕಂಪ್ಯೂಟರು

ರಾ ಫೈಲ್ ತೆಗೀಲೋ, ಜೆಪೆಗ್ ಸಾಕೋ?

ಮನೆ ಕಾರ್ಯಕ್ರಮಕ್ಕೆ ಜೆಪೆಗ್ ಸಾಕು. ಕೋಟೆ, ಸೂರ್ಯಾಸ್ತ, ನಕ್ಷತ್ರಕ್ಕೆ ರಾ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲು, ಬೇಕು. ಜೆಪೆಗ್ಗಿನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ ಇರುತ್ತದೆ. 14 ಬಿಟ್ ರಾದಲ್ಲಿ 16,384. ನೆರಳಿಂದ ವಿವರ ಎತ್ತುವಾಗ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ರಾ ತಿದ್ದಲು ದುಡ್ಡು ಕೊಡಬೇಕಿಲ್ಲ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಫೋನಿನಲ್ಲಾದರೆ ಸ್ನ್ಯಾಪ್‌ಸೀಡ್ ಇದೆ.

ವಾಟ್ಸ್ಯಾಪಲ್ಲಿ ಕಳಿಸಿದ್ರೆ ಫೋಟೊ ಹಾಳಾಗುತ್ತಲ್ಲ?

ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಮೂಲ ಫೈಲೇ ಹೋಗುತ್ತದೆ. ಒಂದು ಎಚ್ಚರ: ಹಾಗೆ ಕಳಿಸಿದಾಗ ಫೋಟೊ ತೆಗೆದ ಜಾಗದ ವಿವರವೂ ಫೈಲಿನ ಜೊತೆ ಹೋಗುತ್ತದೆ. ಮನೆಯಲ್ಲಿ ತೆಗೆದ ಚಿತ್ರವಾದರೆ ಲೊಕೇಶನ್ ಅಳಿಸಿ ಕಳಿಸಿ.

ಕಾರ್ಡ್ ಫಾರ್ಮ್ಯಾಟ್ ಆಗೋಯ್ತು ಮಾವ, ಮಗಳ ಬರ್ತ್‌ಡೇ ಫೋಟೊ ಎಲ್ಲಾ ಹೋದ್ವು. ಬರ್ತವಾ?

ಬರುವ ಸಾಧ್ಯತೆ ಇದೆ, ಒಂದೇ ಷರತ್ತು: ಆ ಕಾರ್ಡಿಗೆ ಮತ್ತೇನೂ ತೆಗೆಯಬೇಡಿ. ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಫೈಲುಗಳ ಪಟ್ಟಿ, ಫೈಲುಗಳಲ್ಲ. ಮೇಲೆ ಹೊಸದು ಬರೆದಾಗ ಹಳೆಯದು ನಿಜವಾಗಿ ಹೋಗುತ್ತದೆ. ಕಾರ್ಡನ್ನು ಕ್ಯಾಮೆರಾದಿಂದ ಈಗಲೇ ತೆಗೆದು, ಕಂಪ್ಯೂಟರಿಗೆ ಹಾಕಿ ಫೋಟೊರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿ, ಅದೇ ಕಾರ್ಡಿಗಲ್ಲ. ಫೈಲಿನ ಹೆಸರುಗಳು ಬದಲಾಗಿರುತ್ತವೆ, ಗಾಬರಿ ಬೇಡ.

ಬ್ಯಾಕಪ್‌ಗೆ ಗೂಗಲ್ ಫೋಟೋಸ್ ಇದೆಯಲ್ಲ, ಹಾರ್ಡ್ ಡಿಸ್ಕ್ ಯಾಕೆ?

2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಜಾಗ ಇಲ್ಲ. ಸಿಗುವ 15 ಜಿಬಿಯಲ್ಲಿ ಇಮೇಲ್, ಡ್ರೈವ್ ಎಲ್ಲಾ ಸೇರಿತು. ರಾ ತೆಗೆಯುವವರಿಗೆ ಅದು ಒಂದೆರಡು ಜಾತ್ರೆಗೂ ಸಾಲದು.

ಒಟ್ಟು ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಹೊರಗೆ ಅಂದರೆ ಕ್ಲೌಡೇ ಆಗಬೇಕಿಲ್ಲ, ಒಂದು ಡಿಸ್ಕು ದಾವಣಗೆರೆಯ ತಂಗಿ ಮನೆಯಲ್ಲಿದ್ದರೂ ಆಯ್ತು. ಹಬ್ಬಕ್ಕೆ ಹೋದಾಗ ಹೊಸದನ್ನು ತುಂಬಿಸಿ ಬನ್ನಿ. ಫೋಲ್ಡರಿಗೆ ವರ್ಷ, ತಿಂಗಳು, ಊರು ಈ ಕ್ರಮದಲ್ಲಿ ಹೆಸರಿಡಿ. ‘ನ್ಯೂ ಫೋಲ್ಡರ್ 7’ ಅಂತ ಇಟ್ಟ ಫೋಟೊ ಇದ್ದೂ ಇಲ್ಲದಂತೆ.

ಫೋಟೊ ಮೇಲೆ ಕನ್ನಡ ಬರೆದ್ರೆ ಒತ್ತಕ್ಷರ ಒಡೆದು ಹೋಗ್ತವಲ್ಲ, ಏನ್ ಮಾಡ್ಲಿ?

ಇದಕ್ಕೆ ಎರಡು ರೋಗಗಳಿವೆ, ಮದ್ದು ಬೇರೆ ಬೇರೆ.

‘ಜಾತ್ರೆ’ ಅಂತ ಬರೆದದ್ದು ‘ಜಾತ್‌ರೆ’ ಅಂತ ಕಂಡರೆ ಫಾಂಟ್ ಸರಿ ಇದೆ, ಸಾಫ್ಟ್‌ವೇರಿಗೆ ಅಕ್ಷರ ಜೋಡಿಸಲು ಬರುತ್ತಿಲ್ಲ ಅಂತ ಅರ್ಥ. ಫೋಟೊಶಾಪಿನಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ವಿಭಾಗಕ್ಕೆ ಹೋಗಿ, ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಅಥವಾ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡಿ, ಹೊಸ ಫೈಲ್ ತೆರೆದು ಬರೆಯಿರಿ. ಗಿಂಪ್, ಇಂಕ್‌ಸ್ಕೇಪ್ ಎರಡರಲ್ಲೂ ಈ ಗೋಳಿಲ್ಲ.

ಅಕ್ಷರದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಹಳೆ ಆಸ್ಕಿ ನುಡಿಯಲ್ಲಿ (ಯುನಿಕೋಡ್ ಅಲ್ಲದ ಕನ್ನಡ ಟೈಪಿಂಗ್) ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಓದಲು ಬರುವುದಿಲ್ಲ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್, ಅದಕ್ಕೆ ಪರಿವರ್ತಿಸಿಕೊಳ್ಳಿ, ಇನ್ನು ಮುಂದೆ ಯುನಿಕೋಡಿನಲ್ಲೇ ಬರೆಯಿರಿ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಇಂಥ ಫಾಂಟುಗಳು ಉಚಿತ. ಫ್ಲೆಕ್ಸ್ ಅಂಗಡಿಗೆ ಕಳಿಸುವಾಗ ಮಾತ್ರ ಅಕ್ಷರ ಸಮೇತ ಜೆಪೆಗ್ ಮಾಡಿ ಕೊಟ್ಟುಬಿಡಿ. ಅವರ ಯಂತ್ರದಲ್ಲಿ ಏನಿದೆಯೋ ಯಾರಿಗೆ ಗೊತ್ತು.

## ಸ್ವಲ್ಪ ಮುಂದೆ ಹೋದವರಿಗೆ

ನಮ್ಮ ಕಡೆಯಿಂದ ಆಕಾಶಗಂಗೆ ತೆಗೆಯೋಕಾಗುತ್ತಾ? ಲಡಾಖಿಗೇ ಹೋಗ್ಬೇಕಾ?

ಧಾರಾಳವಾಗಿ ಆಗುತ್ತದೆ. ಒಂದು ವಿಷಯದಲ್ಲಿ ನಾವೇ ಮೇಲು. ಆಕಾಶಗಂಗೆಯ ನಡುಭಾಗ ದಕ್ಷಿಣದ ಕಡೆ ಇದೆ. ನಮ್ಮ ಅಕ್ಷಾಂಶದಲ್ಲಿ ಅದು ದಿಗಂತದಿಂದ ಸುಮಾರು 47 ಡಿಗ್ರಿ ಎತ್ತರಕ್ಕೆ ಏರುತ್ತದೆ. ದೆಹಲಿಯಲ್ಲಿ 32 ಡಿಗ್ರಿ ಅಷ್ಟೇ, ಲಡಾಖಿನಲ್ಲಿ ಇನ್ನೂ ಕೆಳಗೆ.

ಮಾರ್ಚಿನಲ್ಲಾದರೆ ಬೆಳಗಿನ ಜಾವ ಮೂರರ ನಂತರ ಏಳಬೇಕು. ಏಪ್ರಿಲ್ ಕೊನೆಗೆ ರಾತ್ರಿ ಹನ್ನೊಂದರ ಹೊತ್ತಿಗೇ ಆಗ್ನೇಯದಲ್ಲಿ ಮೇಲೇಳುತ್ತದೆ. ಜೂನ್ ಬಂದರೆ ಮೋಡ. ಅಮಾವಾಸ್ಯೆ ಆಸುಪಾಸಿನ ರಾತ್ರಿ ಆರಿಸಿ. 18 ಎಂಎಂ ಲೆನ್ಸ್, ಎಫ್ 3.5, ಐಎಸ್‌ಒ 3200, 15 ಸೆಕೆಂಡ್. ಈ 15 ಎಲ್ಲಿಂದ ಬಂತು ಅಂದರೆ, 500ನ್ನು ಫೋಕಲ್ ಲೆಂಗ್ತಿನಿಂದ (ಲೆನ್ಸಿನ ಎಂಎಂ ಸಂಖ್ಯೆ, ದೊಡ್ಡ ಫುಲ್ ಫ್ರೇಮ್ ಸೆನ್ಸರಿನ ಲೆಕ್ಕದಲ್ಲಿ) ಭಾಗಿಸಬೇಕು. ಎಪಿಎಸ್-ಸಿಯಲ್ಲಿ 18 ಎಂಎಂ ಅಂದರೆ ಆ ಲೆಕ್ಕದ 27ಕ್ಕೆ ಸಮ, ಹಾಗಾಗಿ 18 ಸೆಕೆಂಡ್ ಬರುತ್ತದೆ. ಸ್ವಲ್ಪ ಇಳಿಸಿಟ್ಟುಕೊಂಡರೆ ನಕ್ಷತ್ರಗಳು ಗೀಟಾಗದೆ ಚುಕ್ಕೆಯಾಗೇ ಉಳಿಯುತ್ತವೆ. ಫೋಕಸ್ ಮ್ಯಾನುಯಲ್ಲಿಗೆ ಹಾಕಿ, ಪರದೆಯಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ದೊಡ್ಡದು ಮಾಡಿ, ಚುಕ್ಕೆ ಅತಿ ಸಣ್ಣದಾಗುವವರೆಗೆ ತಿರುಗಿಸಿ.

ಜಾಗ? ಕೋಟೆಗೆ ರಾತ್ರಿ ಬಿಡುವುದಿಲ್ಲ, ಜೋಗಿಮಟ್ಟಿ ಅರಣ್ಯ ಇಲಾಖೆಯದ್ದು. ಹೆದ್ದಾರಿಯಿಂದ ದೂರ, ಹಿರಿಯೂರು ಅಥವಾ ಹೊಸದುರ್ಗದ ಕಡೆ ಪರಿಚಯದವರ ಹೊಲ ನೋಡಿ. ಗಾಳಿಯಂತ್ರದ ಕೆಂಪು ದೀಪ ಚಿತ್ರದಲ್ಲಿ ಬಂದರೆ ಬರಲಿ, ಅದೂ ನಮ್ಮೂರಿನ ಗುರುತೇ. ಒಬ್ಬರೇ ಹೋಗಬೇಡಿ. ಈ ಕಡೆ ಚಿರತೆ, ಕರಡಿ ಎರಡೂ ಇವೆ.

ಎಷ್ಟು ದೊಡ್ಡ ಪ್ರಿಂಟ್ ಹಾಕಿಸಬಹುದು?

ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿದರೆ 12 × 18 ಇಂಚಿಗೆ 3600 × 5400 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ 6000 × 4000 ಕೊಡುತ್ತದೆ, ಸಲೀಸಾಗಿ ಸಾಕು. ಗೋಡೆ ಮೇಲೆ ದೂರದಿಂದ ನೋಡುವ ಪ್ರಿಂಟಿಗೆ 150 ಪಿಕ್ಸೆಲ್ ಆದರೂ ನಡೆಯುತ್ತದೆ. ಲ್ಯಾಬಿಗೆ ಕೊಡುವ ಫೈಲ್ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಮಾದರಿಯಲ್ಲಿರಲಿ. “ಕಲರ್ ಕರೆಕ್ಷನ್ ಬೇಡ” ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಸಂಜೆಯ ಕೆಂಪನ್ನು ಯಂತ್ರ ತಾನೇ ‘ಸರಿ’ ಮಾಡಿಬಿಡುತ್ತದೆ.

ನಾನು ತೆಗೆದ ಫೋಟೊನ ಯಾರೋ ಫ್ಲೆಕ್ಸಿಗೆ ಹಾಕ್ಕೊಂಡಿದಾರೆ. ಕೇಳೋ ಹಕ್ಕಿದೆಯಾ?

ಇದೆ. 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಫೋಟೊ ತೆಗೆದವರೇ ಅದರ ಮೊದಲ ಒಡೆಯರು. ನೋಂದಣಿ ಕಡ್ಡಾಯವಲ್ಲ. ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಆದರೆ ದುಡ್ಡು ತಗೊಂಡು ಯಾರದೋ ಕೋರಿಕೆ ಮೇಲೆ ತೆಗೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ದುಡ್ಡು ಕೊಟ್ಟವರದ್ದು. ಮದುವೆ ಫೋಟೊಗ್ರಾಫರುಗಳಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಮೊದಲು ಫೋನ್ ಮಾಡಿ ಸಮಾಧಾನವಾಗಿ ಕೇಳಿ. ಹೆಸರು ಹಾಕಿಸುವುದೋ, ತೆಗೆಸುವುದೋ ಬಹಳ ಸಲ ಮಾತಲ್ಲೇ ಮುಗಿಯುತ್ತದೆ. ರಾ ಫೈಲ್ ನಿಮ್ಮ ಹತ್ತಿರ ಇದ್ದರೆ ಫೋಟೊ ಯಾರದ್ದು ಅನ್ನುವ ವಾದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಡ.

ಡಿಸ್ಕಲ್ಲಿ ಸುಮ್ನೆ ಬಿದ್ದಿರೋ ಫೋಟೊಗಳನ್ನ ಯಾರಿಗಾದ್ರೂ ಉಪಯೋಗ ಆಗೋ ಹಂಗೆ ಮಾಡೋಕಾಗುತ್ತಾ?

ವಿಕಿಮೀಡಿಯ ಕಾಮನ್ಸಿಗೆ ಹಾಕಿ. ಕನ್ನಡ ವಿಕಿಪೀಡಿಯದ ಲೇಖನಗಳಿಗೆ ಚಿತ್ರಗಳು ಅಲ್ಲಿಂದಲೇ ಹೋಗುತ್ತವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹೆಸರು ಹಾಕಲೇಬೇಕು ಅನ್ನುವ ಬಗೆಯನ್ನು ಆರಿಸಿ. ಒಮ್ಮೆ ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ, ವ್ಯಾಪಾರಕ್ಕೂ ಬಳಸಬಹುದು. ಅದಕ್ಕೆ ಒಪ್ಪಿಗೆ ಇರುವ ಚಿತ್ರಗಳನ್ನಷ್ಟೇ ಹಾಕಿ. ಕೋಟೆಯ ಹೆಬ್ಬಾಗಿಲಿನ ಫೋಟೊ ಅಲ್ಲಿ ಬೇಕಾದಷ್ಟಿವೆ. ನಿಮ್ಮ ಹಳ್ಳಿಯ ವೀರಗಲ್ಲು, ಹಳೆ ಕಲ್ಯಾಣಿ, ಕೆರೆ ತೂಬು ಇವಕ್ಕೆ ಒಂದಾದರೂ ಚಿತ್ರ ಇದೆಯಾ ಹುಡುಕಿ ನೋಡಿ. ವಿವರಣೆಯಲ್ಲಿ ಊರು, ತಾಲ್ಲೂಕು, ತೆಗೆದ ದಿನ ಮೂರನ್ನೂ ಕನ್ನಡದಲ್ಲೇ ಬರೆಯಿರಿ.